ಕೂಡಿ ಉಣ್ಣುತ್ತೇವೆ ಎಂದು ಬರೆದ ವರದಿ

ಹನುಮಕ್ಕ, ಆ ವರದಿಯಲ್ಲಿ ನಾನು ಬರೆದದ್ದು ಸುಳ್ಳು. ಅದಕ್ಕೆ ನಿಮ್ಮಿಂದಲೇ ಸಹಿ ಹಾಕಿಸಿದ್ದು ಇನ್ನೂ ದೊಡ್ಡ ತಪ್ಪು.

ಎಪ್ಪತ್ತೆಂಟೋ, ಎಪ್ಪತ್ತೊಂಬತ್ತೋ — ತರೀಕೆರೆಯ ನಮ್ಮ ಕಚೇರಿಗೆ ನೀವು ಟೈಪಿಸ್ಟ್ ಆಗಿ ಬಂದು ಆರು ತಿಂಗಳಾಗಿತ್ತು. ನಿಮ್ಮ ಜಾತಿ ಯಾವುದೆಂಬುದು ನಿಮಗಿಂತ ಮೊದಲೇ ಕಚೇರಿಗೆ ಬಂದಿತ್ತು. ಮಧ್ಯಾಹ್ನ ನಾವು ನಾಲ್ವರು ಹೆಂಗಸರು ಒಳಕೋಣೆಯಲ್ಲಿ ಡಬ್ಬಿ ಬಿಚ್ಚುತ್ತಿದ್ದೆವು. ನೀವು ಟೈಪ್‌ರೈಟರಿನ ಪಕ್ಕದಲ್ಲಿ ಒಬ್ಬರೇ ಉಣ್ಣುತ್ತಿದ್ದಿರಿ. ಅಲ್ಲಿಯೇ ಕೂರಿ ಎಂದು ಯಾರೂ ಹೇಳಿರಲಿಲ್ಲ. ಒಳಗೆ ಬನ್ನಿ ಎಂದೂ ಯಾರೂ ಕರೆಯಲಿಲ್ಲ — ಹುದ್ದೆಯಲ್ಲಿ ಎಲ್ಲರಿಗಿಂತ ಹಿರಿಯಳಾದ ನಾನೂ.

ಆಗಲೇ ಕಡೂರಿನಲ್ಲಿ ಎರಡು ದಿನದ ತರಬೇತಿ ನಡೆಯಿತು, ಕಚೇರಿಗಳಲ್ಲಿ ಜಾತಿಭೇದ ಹೋಗಬೇಕೆಂದು. ನಮ್ಮಲ್ಲಿಂದ ನಾನು ಹೋದೆ. ಭಾಷಣ ಕೇಳಿ ಕಣ್ಣು ಒದ್ದೆಯಾಯಿತು. ವಂದನಾರ್ಪಣೆಯನ್ನೂ ನಾನೇ ಮಾಡಿದೆ. ಮರುದಿನ ಮಧ್ಯಾಹ್ನ — ಅದೇ ಕೋಣೆ, ಅದೇ ನಾಲ್ವರು.

ತಿಂಗಳ ನಂತರ, ತರಬೇತಿಯಿಂದ ಏನು ಪ್ರಯೋಜನವಾಯಿತೆಂದು ಮೇಲಿನವರು ವರದಿ ಕೇಳಿದರು. ‘ಈಗ ಎಲ್ಲರೂ ಕೂಡಿ ಉಣ್ಣುತ್ತೇವೆ’ ಎಂದು ಬರೆದು ಟೈಪಿಗೆ ಕೊಟ್ಟೆ. ನೀವು ಅದನ್ನು ಟೈಪ್ ಮಾಡಿ ತಂದು ನನ್ನ ಮುಂದಿಟ್ಟು ಮೆಲ್ಲಗೆ ಕೇಳಿದಿರಿ:

“ಅಕ್ಕಾ, ಇದು ಯಾವ ಆಫೀಸಿಂದು?”

“ಎಲ್ಲಾರೂ ಹಿಂಗೇ ಬರೀತಾರೆ ಕಣಮ್ಮ. ನಿನ್ನ ಸಹೀನೂ ಬೇಕು, ಹಾಕ್ಬಿಡು.”

ಹಾಕಿದಿರಿ. ನಿಮ್ಮ ಕೆಲಸವಿನ್ನೂ ಕಾಯಂ ಆಗಿರಲಿಲ್ಲ. ಇಲ್ಲವೆನ್ನಲಾರಿರಿ ಎಂದು ಗೊತ್ತಿದ್ದೇ ಕೇಳಿದ್ದೆ. ಮರುವರ್ಷ ಅಜ್ಜಂಪುರಕ್ಕೆ ವರ್ಗ ಕೇಳಿಕೊಂಡು ಹೊರಟುಹೋದಿರಿ.

ನಿಮ್ಮ ಜಾಗಕ್ಕೆ ನಿಮ್ಮ ಕೇರಿಯವಳೇ ಆದ ಇನ್ನೊಬ್ಬ ಹುಡುಗಿ ಬಂದಳು. ಮೊದಲ ದಿನ ಅವಳೂ ಅಲ್ಲೇ ಒಬ್ಬಳೇ ಡಬ್ಬಿ ಬಿಚ್ಚಿದಳು. ನಿಮ್ಮ ಪ್ರಶ್ನೆ ಕಿವಿಯಲ್ಲೇ ಇತ್ತು — ನನ್ನ ಡಬ್ಬಿ ಎತ್ತಿಕೊಂಡು ಹೋಗಿ ಅವಳೆದುರು ಕೂತೆ. ಅವಳು ಕೊಟ್ಟ ಹುರುಳಿಕಾಳಿನ ಪಲ್ಯ ತಿಂದೆ. ಉಳಿದ ಮೂವರು ವಾರಗಟ್ಟಲೆ ನನ್ನೊಡನೆ ಮಾತು ಬಿಟ್ಟರು. ಆಮೇಲೆ ಒಬ್ಬರು ಬಂದರು. ಮಳೆಗಾಲ ಮುಗಿಯುವಷ್ಟರಲ್ಲಿ ಇನ್ನೊಬ್ಬರು. ಮೂರನೆಯವರು ನಿವೃತ್ತರಾಗುವವರೆಗೂ ಬರಲಿಲ್ಲ.

ಎರಡು ದಿನದ ತರಬೇತಿ ಮಾಡಲಾಗದ್ದನ್ನು ನಿಮ್ಮ ಒಂದು ಮಾತು ಮಾಡಿತು ಎಂದ ಮಾತ್ರಕ್ಕೆ ಆ ಮಾತಿಗೆ ನೀವು ತೆತ್ತದ್ದು ಕಡಿಮೆಯಾಗುವುದಿಲ್ಲ.

ಬರುವ ವಾರ ಅಜ್ಜಂಪುರದಲ್ಲಿ ಹೊಸ ನೌಕರರಿಗೆ ಅಂಥದೇ ತರಬೇತಿ. ಪಾಠ ಹೇಳಲು ನನ್ನನ್ನು ಕರೆದಿದ್ದಾರೆ. ಭಾಷಣ ಮಾಡುವುದಿಲ್ಲ, ಆ ಸುಳ್ಳು ವರದಿಯ ಕಥೆಯನ್ನೇ ಹೇಳುತ್ತೇನೆ. ನಿಮ್ಮ ಹೆಸರು ಎತ್ತುವುದಿಲ್ಲ. ನೀವೂ ಅಲ್ಲಿರುತ್ತೀರೆಂದು ಕೇಳಿದೆ. ನನಗೆ ಹೇಳಬೇಕಾದ್ದೇನಾದರೂ ಇದ್ದರೆ ಅಲ್ಲೇ, ಎಲ್ಲರೆದುರು ಹೇಳಿ. ನಿಂತು ಕೇಳುತ್ತೇನೆ.