ಕೊರಡು ಕಟ್ಟಿದ ಟ್ರ್ಯಾಕ್ಟರು

ತೇನಿಯ ಟ್ರ್ಯಾಕ್ಟರು ಅಂಗಡಿಗೆ ನಾನು ಹೋದದ್ದು ಒಂದು ಬಿದಿರಿನ ಗಳ ಹಿಡಿದುಕೊಂಡು. ಬಸ್ಸಿನಲ್ಲಿ ಅದನ್ನು ಎಲ್ಲಿಡುತ್ತೀಯೆಂದು ಕಂಡಕ್ಟರು ಗದರಿದ. ಸೀಟುಗಳ ನಡುವೆ ಉದ್ದಕ್ಕೆ ಮಲಗಿಸಿ, ಅದರ ಮೇಲೆ ಕಾಲೂರಿಕೊಂಡು ಕೂತೆ. ಆ ಗಳ ನನ್ನ ದ್ರಾಕ್ಷಿ ಪಂದಲಿನ, ಎಂದರೆ ಬಳ್ಳಿ ಹಬ್ಬಿಸಿದ ಚಪ್ಪರದ, ಎತ್ತರ. ನೆಲದಿಂದ ಮೇಲಿನ ತಂತಿಯವರೆಗೆ ಅಳೆದು ಕತ್ತರಿಸಿದ್ದೆ. ಎರಡು ಕಲ್ಲುಕಂಬಗಳ ನಡುವಿನ ಅಗಲಕ್ಕೆ ಅದರಲ್ಲೇ ಕುಡುಗೋಲಿನಿಂದ ಒಂದು ಕಚ್ಚು ಹಾಕಿದ್ದೆ. ನನ್ನ ಜೊತೆಗಿದ್ದ ಗಂಡ, ಪಾಪ, ಈ ಹೆಂಗಸು ಯಾರೋ ಎಂಬಂತೆ ಎರಡು ಸೀಟು ಮುಂದೆ ಕೂತಿದ್ದರು.

ಅಂಗಡಿಯವನು ಗಳ ನೋಡಿ ನಕ್ಕ. ಎಲ್ಲ ಅಳತೆಯೂ ಪುಸ್ತಕದಲ್ಲಿ ಅಚ್ಚಾಗಿದೆ ಅಕ್ಕಾ, ಎಂದ ತಮಿಳಿನಲ್ಲಿ. ನಿಮ್ಮ ಪುಸ್ತಕ ನನ್ನ ಪಂದಲಿನ ಕೆಳಗೆ ಬಂದಿಲ್ಲ ಎಂದೆ. ಆಮೇಲೆ ಅವನು ಕೇಳಿದ ಪ್ರಶ್ನೆಗಳೆಲ್ಲ ನನ್ನ ಗಂಡನಿಗೆ. ಅವರಿಗೆ ವೇದಸಂದೂರಿನ ನೂಲಿನ ಮಿಲ್ಲಿನಲ್ಲಿ ಕೆಲಸ, ಮನೆಗೆ ಬರುವುದು ಭಾನುವಾರ. ಸೈಕಲ್ ಬಿಟ್ಟು ಬೇರೇನೂ ಓಡಿಸಲು ಬಾರದು, ಬಾರದೆಂದು ಹೇಳಿಕೊಳ್ಳಲು ನಾಚಿಕೆಯೂ ಇಲ್ಲ. ಪ್ರತಿ ಪ್ರಶ್ನೆಗೂ ಗದ್ದ ಎತ್ತಿ ನನ್ನ ಕಡೆ ತೋರಿಸಿದರು. ಮೊದಲ ಟ್ರ್ಯಾಕ್ಟರಿನ ಸೈಲೆನ್ಸರು ಕೊಳವೆಯ ಹಾಗೆ ನೆಟ್ಟಗೆ ನಿಂತಿತ್ತು, ಗಳಕ್ಕಿಂತ ಎತ್ತರ. ಎರಡನೆಯದು ಪುಟ್ಟದು, ಸೈಲೆನ್ಸರು ಕೆಳಕ್ಕೆ ಬಾಗಿತ್ತು. ಗಳವನ್ನು ಪಕ್ಕಕ್ಕೆ ನಿಲ್ಲಿಸಿದರೆ ಮೇಲೆ ಗೇಣುದ್ದ ಜಾಗ ಉಳಿಯಿತು. ಅಡ್ಡಕ್ಕೆ ಹಿಡಿದರೆ ಚಕ್ರಗಳು ಕಚ್ಚಿನ ಒಳಗೇ ಬಂದವು. ಇದೇ ಬೇಕು ಎಂದೆ. ಬೀಗದಕೈ ಕೊಡುವಾಗಲೂ ಅವನು ಕೊಟ್ಟದ್ದು ನನ್ನ ಗಂಡನ ಕೈಗೆ. ಅವರು ಬೆರಳು ಮಡಚದೆ ಅದನ್ನು ಹಾಗೇ ನನ್ನ ಕೈಗೆ ಜಾರಿಸಿದರು.

ಇಷ್ಟು ಹಟ ಯಾಕೆಂದರೆ, ಯುಗಾದಿಯೊಳಗೆ ಆ ಪಂದಲಿನ ನೆಲ ನಾನೇ ಉತ್ತು ತೋರಿಸದಿದ್ದರೆ ತೋಟ ಕೈ ತಪ್ಪುತ್ತಿತ್ತು.

ಕಂಬಂ ಕಣಿವೆಯ ನಮ್ಮ ಜನ ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ನನ್ನ ಮಗಳಿಗಂತೂ ಬೈಗುಳ ಮಾತ್ರ ಕನ್ನಡದಲ್ಲಿ ಚೆನ್ನಾಗಿ ಅರ್ಥವಾಗುತ್ತದೆ. ಮಾತು ಸವೆದರೂ ಹೊನ್ನಾರು ಸವೆದಿಲ್ಲ. ಯುಗಾದಿಯ ಬೆಳಿಗ್ಗೆ ಕುಲದೇವರ ಗುಡಿಯ ಹಿಂದಿನ ಬಯಲಿನಲ್ಲಿ ಮನೆಮನೆಯ ಏರುಗಳು ಸಾಲಾಗಿ ನಿಲ್ಲುತ್ತವೆ. ಹೆಂಗಸರು ಹಿತ್ತಾಳೆ ಚೊಂಬಿನಲ್ಲಿ ಅರಿಶಿನದ ನೀರು ತಂದು ಏರಿನ ಮುಂದೆ ಎರೆಯುತ್ತಾರೆ, ಗಂಡಸರು ವರ್ಷದ ಮೊದಲ ಸಾಲು ಹೊಡೆಯುತ್ತಾರೆ. ಎತ್ತುಗಳಿದ್ದ ಕಡೆ ಈಗ ಹೆಚ್ಚಾಗಿ ಟ್ರ್ಯಾಕ್ಟರುಗಳು ನಿಲ್ಲುತ್ತವೆ, ಅಷ್ಟೇ. ಏರಿಲ್ಲದ ಹೊಲಕ್ಕೆ ಒಡೆಯನಿಲ್ಲ ಎಂಬುದು ನಮ್ಮ ಹಿರಿಯರ ಮಾತು. ಸಾಲಿನಲ್ಲಿ ಏರು ನಿಲ್ಲಿಸದ ಹೊಲವನ್ನು ಆ ವರ್ಷ ಹತ್ತಿರದ ನೆಂಟ ಉಳುತ್ತಾನೆ. ಹಾಗೆ ಹೋದ ಹೊಲ ಹಿಂದಿರುಗಿದ್ದನ್ನು ನಾನು ಕಂಡಿಲ್ಲ. ಕೋರ್ಟಿನಲ್ಲಿ ಇದಕ್ಕೆ ಕವಡೆ ಕಿಮ್ಮತ್ತಿಲ್ಲ ನಿಜ. ಆದರೆ ನಮ್ಮೂರಿನಲ್ಲಿ ಇದೇ ಕೋರ್ಟು.

ಪಂದಲನ್ನು ನನಗೆ ಕೊಟ್ಟವನು ನನ್ನ ಅಪ್ಪ. ಕೊಟ್ಟ ಮೇಲೂ ಹೊನ್ನಾರಿಗೆ ಅವನೇ ತನ್ನ ಎತ್ತು ಹೂಡಿ ನನ್ನ ಪರವಾಗಿ ನಿಲ್ಲುತ್ತಿದ್ದ. ಕೊನೆಯ ಜೋಡಿ ಎತ್ತಿಗೂ ಅವನ ಮಂಡಿಗೂ ಒಟ್ಟಿಗೇ ವಯಸ್ಸಾಯಿತು. ಆಗ ಅಣ್ಣ ಬಾಯಿ ಬಿಟ್ಟ. ಅವನದು ದೊಡ್ಡ ಟ್ರ್ಯಾಕ್ಟರು, ಸುತ್ತಮುತ್ತಲ ಹೊಲಗಳನ್ನೆಲ್ಲ ಉಳುವುದು ಅವನೇ. ಅದು ಪಂದಲಿನ ಕೆಳಗೆ ನುಗ್ಗುವುದಿಲ್ಲ. ನುಗ್ಗದ ಹೊಲ ಇಟ್ಟುಕೊಂಡು ಏನು ಮಾಡುವುದು, ಕಂಬ ಕಿತ್ತು ತೆಂಗು ಹಾಕೋಣ, ಹೊನ್ನಾರಿನಲ್ಲಿ ಇಬ್ಬರ ಪಾಲಿಗೂ ನಾನೇ ನಿಲ್ಲುತ್ತೇನೆ ಎಂದ. ಅಣ್ಣ ಕೆಟ್ಟವನಲ್ಲ. ಹುಡುಗಿಯಾಗಿದ್ದಾಗ ನನಗೆ ಟ್ರ್ಯಾಕ್ಟರು ಕಲಿಸಿದವನೂ ಅವನೇ, ಆಗ ಅವನಿಗೆ ಅದು ತಮಾಷೆ. ಕಲಿತದ್ದನ್ನು ತಂಗಿ ಒಂದು ದಿನ ಉಪಯೋಗಿಸಿಯಾಳು ಎಂದು ಅವನಿಗೆ ಹೊಳೆದೇ ಇರಲಿಲ್ಲ.

ಅಪ್ಪ ಇಬ್ಬರ ಮಾತನ್ನೂ ಕೇಳಿ, ಯಾರು ಆ ನೆಲ ಉತ್ತು ಸಾಲಿನಲ್ಲಿ ಏರು ನಿಲ್ಲಿಸುತ್ತಾರೋ ತೋಟ ಅವರದು ಎಂದ. ಯಾರ ಮುಖವನ್ನೂ ನೋಡದೆ ಹೇಳಿದ. ಮಾರನೆಯ ದಿನ ನಾನು ಬಿದಿರು ಕತ್ತರಿಸಿದೆ.

ಟ್ರ್ಯಾಕ್ಟರು ಬಂದಿಳಿದಾಗ ಅಣ್ಣ ಅದರ ಸುತ್ತ ಒಂದು ಸುತ್ತು ಬಂದು, ಆಟದ ಬೊಮ್ಮೆ ಚೆನ್ನಾಗಿದೆ ಎಂದ. ಚಕ್ರದ ಕೆಳಗೆ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು. ನನಗೆ ಅದರ ಕೆಂಪು ಮೂತಿ ನೋಡಿದಷ್ಟೂ ಸಾಲದು. ಗೇರಿನ ಪಕ್ಕದ ಒಂದು ಸಣ್ಣ ಹಿಡಿಯ ಮೇಲೆ ನಿಧಾನಕ್ಕೆ ಆಮೆಯ ಚಿತ್ರ, ವೇಗಕ್ಕೆ ಮೊಲದ ಚಿತ್ರ ಬರೆದಿತ್ತು. ಅಪ್ಪ ಆಮೆಯನ್ನು ಬೆರಳಿನಿಂದ ಸವರಿ, ಇದನ್ನು ಮಾಡಿದವನಿಗೆ ಬುದ್ಧಿ ಇದೆ ಎಂದ.

ಅಪ್ಪ ಒಂದು ಕಾಲದಲ್ಲಿ ಈ ಕಣಿವೆಯಲ್ಲೇ ಹೆಸರಾದ ಕರು ಪಳಗಿಸುವವನು. ನೊಗ ಕಾಣದ ಹೋರಿಗರುವನ್ನು ಅವನ ಹಟ್ಟಿಗೆ ತಂದು ಬಿಡುತ್ತಿದ್ದರು. ಅವನು ಅದಕ್ಕೆ ಮೊದಲೇ ನೇಗಿಲು ಕಟ್ಟುತ್ತಿರಲಿಲ್ಲ. ಒಂದು ಹಗುರ ಕೊರಡು ಕಟ್ಟಿ ಕಾಲುವೆಯ ದಾರಿಯಲ್ಲಿ ಎಳೆಸುತ್ತಿದ್ದ, ಆಮೇಲೆ ಖಾಲಿ ಗಾಡಿ, ಎಲ್ಲ ಆದ ಮೇಲೆ ಮಣ್ಣು. ಅವಸರದಲ್ಲಿ ಹೂಡಿದ ಕರು ಜೀವನವಿಡೀ ನೊಗ ಕಂಡೊಡನೆ ಮಲಗಿಕೊಳ್ಳುತ್ತದೆ ಎನ್ನುತ್ತಿದ್ದ. ನನ್ನ ಟ್ರ್ಯಾಕ್ಟರಿಗೂ ಅವನು ಅದನ್ನೇ ವಿಧಿಸಿದ.

"ಕರೂನ ಬೆದರಿಸ್ಬ್ಯಾಡ ತಾಯೀ. ಕೊಂಜ ಕೊಂಜವಾಗಿ ಪಳಗಿಸು."

ಕೊಂಜ ಎಂದರೆ ಸ್ವಲ್ಪ, ಇಂಥ ತಮಿಳು ಮನೆಯೊಳಗೂ ನುಸುಳಿದೆ. ಹಿತ್ತಲಿನ ಹುಣಸೆಮರದ ಒಣ ಕೊರಡೊಂದನ್ನು ತಾನೇ ಆರಿಸಿದ, ಹಗ್ಗದ ಗಂಟನ್ನೂ ತಾನೇ ಹಾಕಿದ. ನಾನು ದಿನಾ ಬೆಳಿಗ್ಗೆ ಆಮೆಯ ಗೇರಿನಲ್ಲಿ, ಉಸಿರು ಬಿಟ್ಟರೆ ನಿಂತೇ ಹೋಗುವಷ್ಟು ಮೆಲ್ಲಗೆ, ಕಾಲುವೆಯ ದಂಡೆಯ ಮೇಲೆ ಕೊರಡು ಎಳೆಯುತ್ತಾ ಹೋಗುತ್ತಿದ್ದೆ. ಷೇರ್ ಆಟೋದಲ್ಲಿ ತುಂಬಿಕೊಂಡು ಹೋಗುವ ಹೆಂಗಸರು ತಲೆ ಹೊರಗೆ ಹಾಕಿ ನೋಡುತ್ತಿದ್ದರು. ಅಣ್ಣ ದೊಡ್ಡ ಟ್ರ್ಯಾಕ್ಟರಿನಲ್ಲಿ ಎದುರಾದಾಗ ಗಾಡಿ ನಿಲ್ಲಿಸಿ, ಮೂಗುದಾರ ಯಾವಾಗ ಹಾಕಿಸುತ್ತೀ ಎಂದು ಕೇಳಿದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಪ್ಪ ಹೇಳಿದ್ದಾನಲ್ಲ, ಅಪ್ಪ ಕರುಗಳ ವಿಷಯದಲ್ಲಿ ಎಂದೂ ತಪ್ಪಿದವನಲ್ಲ.

ಕರುಗಳ ವಿಷಯದಲ್ಲಿ ತಪ್ಪಲಿಲ್ಲ, ಸರಿ. ಶಿವರಾತ್ರಿ ಬರುವ ಮಾಸಿ ತಿಂಗಳ ಬಿಸಿಲು ಏರುವ ಹೊತ್ತಿಗೆ ಟ್ರ್ಯಾಕ್ಟರು ನೀಲಿ ಹೊಗೆ ಬಿಡಲು ಶುರು ಮಾಡಿತು. ಸೈಲೆನ್ಸರಿನ ಬಾಯಲ್ಲಿ ಎಣ್ಣೆ ಜಿನುಗುತ್ತಿತ್ತು. ಎಂಜಿನ್ ಆಯಿಲ್ ನೋಡುವ ಕಡ್ಡಿ ಎಳೆದು ನೋಡಿದರೆ ಮಟ್ಟ ಇಳಿದಿತ್ತು. ಹೊಸ ಗಾಡಿ ಎಣ್ಣೆ ಕುಡಿಯುತ್ತಿದೆ ಎಂದು ಅಂಗಡಿಗೆ ಫೋನು ಮಾಡಿದೆ. ಯುಗಾದಿ ಹತ್ತಿರ ಬರುತ್ತಿತ್ತು, ಪಂದಲಿನ ಕೆಳಗೆ ಇನ್ನೂ ಒಂದು ಹಿಡಿ ಮಣ್ಣೂ ತಿರುವಿರಲಿಲ್ಲ.

ಅಂಗಡಿಯಿಂದ ಬಂದ ಮೆಕ್ಯಾನಿಕ್ ಬಾಯಿಬಡುಕ, ತನಗೆ ತಿಳಿಯದ್ದು ಲೋಕದಲ್ಲಿಲ್ಲ ಎಂಬ ಗತ್ತು ಅವನದು. ಇದಕ್ಕೆ ಏನು ಕೆಲಸ ಕೊಟ್ಟಿರಿ ಎಂದು ಕೇಳಿದ. ಕೊರಡನ್ನು ತೋರಿಸಿದೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ಜಗಲಿಯ ಮೇಲಿದ್ದ ಅಪ್ಪನನ್ನು ನೋಡಿದ, ತಲೆಯ ಮೇಲೆ ಕೈ ಹೊತ್ತು ಕೂತ. ಆಮೇಲೆ ಶುರುವಾಯಿತು ಪಾಠ. ಹೊಸ ಎಂಜಿನ್ನಿನ ಒಳಗಿನ ಪಿಸ್ಟನ್ ರಿಂಗುಗಳು ಭಾರ ಬಿದ್ದಾಗಲೇ ಸಿಲಿಂಡರಿನ ಗೋಡೆಗೆ ಒತ್ತಿ, ಉಜ್ಜಿ, ಹೊಂದಿಕೊಳ್ಳುವುದು. ಜಾಸ್ತಿ ಹಿಂಡಬಾರದು, ಆದರೆ ಸುಮ್ಮನೆ ಮೆರವಣಿಗೆ ಮಾಡಿಸಿದರೆ ಅವು ಎಂದಿಗೂ ಕೂರುವುದಿಲ್ಲ, ಎಣ್ಣೆ ಸುಡುತ್ತಲೇ ಇರುತ್ತದೆ. ನೀವು ಇದನ್ನು ಮುದ್ದು ಮಾಡಿ ಕೆಡಿಸಿದ್ದೀರಿ, ಇನ್ನೂ ಕಾಲ ಮಿಂಚಿಲ್ಲ, ನಾಳೆಯೇ ಮಣ್ಣಿಗೆ ಇಳಿಸಿ ಎಂದ.

ಅವನು ಹೋದ ಮೇಲೆ ನನಗೆ ಬಂದ ಸಿಟ್ಟು ಸಣ್ಣದಲ್ಲ. ಟ್ರ್ಯಾಕ್ಟರಿನ ಮೇಲಲ್ಲ, ಮೆಕ್ಯಾನಿಕ್ ಮೇಲೂ ಅಲ್ಲ. ಆ ಕೊರಡಿನ ಮೇಲೆ. ನನ್ನನ್ನೂ ಹೀಗೆಯೇ ತಾನೆ ಬೆಳೆಸಿದ್ದು? ತೋಟ ನಿನ್ನದು, ಆದರೆ ಔಷಧಿ ಹೊಡೆಯುವುದನ್ನು ಅಣ್ಣ ನೋಡಿಕೊಳ್ಳಲಿ. ಹಣ್ಣು ನಿನ್ನದು, ವ್ಯಾಪಾರಿಯ ಹತ್ತಿರ ಅಣ್ಣ ಮಾತಾಡಲಿ. ಎಲ್ಲ ಪ್ರೀತಿಯಿಂದಲೇ, ಎಲ್ಲ ಕೊಂಜ ಕೊಂಜವಾಗಿ. ನಲವತ್ತು ದಾಟಿದ ಹೆಂಗಸು ನಾನು, ಇನ್ನೂ ಕಾಲುವೆ ದಂಡೆಯ ಮೇಲೆ ಕೊರಡು ಎಳೆಯುತ್ತಿದ್ದೇನೆ ಎಂದು ನನಗೆ ನನ್ನ ಮೇಲೇ ರೇಗಿ ಹೋಯಿತು. ಹಗ್ಗ ಬಿಚ್ಚುವಷ್ಟು ತಾಳ್ಮೆ ಇರಲಿಲ್ಲ, ಕುಡುಗೋಲಿನಿಂದ ಕತ್ತರಿಸಿದೆ. ಅಪ್ಪ ಜಗಲಿಯಿಂದ ನೋಡುತ್ತಿದ್ದ.

ಮಾರನೆಯ ದಿನ ಮಣ್ಣು ಹುಡಿಮಾಡುವ ರೋಟವೇಟರು ಕಟ್ಟಿ ಪಂದಲಿನೊಳಗೆ ನುಗ್ಗಿದೆ. ತಲೆ ತಗ್ಗಿಸಿಯೇ ಕೂರಬೇಕು, ಇಲ್ಲದಿದ್ದರೆ ಬಳ್ಳಿ ಜಡೆಗೆ ಸಿಕ್ಕಿಕೊಳ್ಳುತ್ತದೆ. ವರ್ಷಗಳಿಂದ ಕಾಲು ತುಳಿದು ಗಟ್ಟಿಯಾದ ನೆಲ ಮೊದಲು ಟ್ರ್ಯಾಕ್ಟರನ್ನೇ ಕುಣಿಸಿತು. ಎಂಜಿನ್ ಗುಡುಗಿತು, ನನ್ನ ಹಲ್ಲು ಕಟಕಟ ಎಂದವು. ತಿರುಗಿಸುವಾಗ ಒಂದು ಕಂಬಕ್ಕೆ ಗುದ್ದಿದೆ. ಕಂಬ ವಾಲಿತು, ತಂತಿ ಸಡಿಲವಾಗಿ ಒಂದಿಷ್ಟು ಬಳ್ಳಿ ತಲೆಯ ಮೇಲೇ ಇಳಿಯಿತು. ಇಳಿದು, ಬೈದು, ಕಂಬಕ್ಕೆ ಕಲ್ಲು ಒತ್ತರಿಸಿ ನಿಲ್ಲಿಸಿ, ಮತ್ತೆ ಹತ್ತಿದೆ. ಕೆಂಪು ಮೂತಿಯ ಮೇಲೆ ಬಿದ್ದ ಆ ಗೀರು ಇವತ್ತಿಗೂ ಇದೆ, ಬಣ್ಣ ಹಚ್ಚಿಸಿಲ್ಲ. ದಿನ ಕಳೆದಂತೆ ನೀಲಿ ಹೊಗೆ ತೆಳುವಾಯಿತು, ಕೊನೆಗೆ ನಿಂತಿತು. ಹಬ್ಬಕ್ಕೆ ಮುಂಚೆ ಪಂದಲಿನ ನೆಲವೆಲ್ಲ ಹುಡಿಮಣ್ಣಾಗಿ, ಬರಿಗಾಲಿಟ್ಟರೆ ಹಿಮ್ಮಡಿ ಹೂತುಹೋಗುವಂತಾಯಿತು. ಅಣ್ಣ ಬಂದು ಇಣುಕಿ ನೋಡಿ, ಕಂಬದ ವಿಷಯ ಮಾತ್ರ ಎತ್ತಿದ.

ಯುಗಾದಿಯ ಬೆಳಿಗ್ಗೆ ತಲೆಗೆ ಎಣ್ಣೆನೀರು ಹಾಕಿಕೊಂಡು, ಹೊಸ ಸೀರೆ ಉಟ್ಟು, ಹಿಂದೆ ಐದು ಹಲ್ಲಿನ ಕಲಪೆ ಕಟ್ಟಿಕೊಂಡು ಗುಡಿಯ ಬಯಲಿಗೆ ಹೋದೆ. ಕಲಪೆ ಎಂದರೆ ನಮ್ಮಲ್ಲಿ ನೇಗಿಲೇ, ಮರದ್ದಾಗಲಿ ಕಬ್ಬಿಣದ್ದಾಗಲಿ. ಅಣ್ಣನ ದೊಡ್ಡ ಟ್ರ್ಯಾಕ್ಟರಿನ ಪಕ್ಕದಲ್ಲಿ ನನ್ನದನ್ನು ನಿಲ್ಲಿಸಿದೆ. ಸಾಲಿನುದ್ದಕ್ಕೂ ತಲೆಗಳು ನನ್ನ ಕಡೆ ತಿರುಗಿದವು. ಹೆಂಗಸರು ಚೊಂಬು ಹಿಡಿದು ತಮ್ಮ ತಮ್ಮ ಮನೆಯ ಏರಿನ ಮುಂದೆ ನಿಂತಿದ್ದರು. ನನ್ನ ಏರಿನ ಮುಂದೆ ನೀರೆರೆಯಲು ಯಾರೂ ಇರಲಿಲ್ಲ. ಎರೆಯಬೇಕಾದ ಹೆಂಗಸು ಸೀಟಿನ ಮೇಲೆ ಕೂತಿದ್ದಳಲ್ಲ.

ಕುಲದ ಹಿರಿಯರು ಕೋಲೂರಿಕೊಂಡು ಹತ್ತಿರ ಬಂದರು. ಅಪ್ಪನಿಗಿಂತಲೂ ದೊಡ್ಡವರು, ಜಗಳ ಬೇಡದ ಮನುಷ್ಯ. ಹೆಂಗಸು ಏರು ಹಿಡಿಯಕೂಡದು, ಅದು ನಿನಗೂ ಗೊತ್ತು ಎಂದರು. ಆಮೇಲೆ ದನಿ ತಗ್ಗಿಸಿ ನನಗೊಂದು ದಾರಿಯನ್ನೂ ತೋರಿಸಿದರು.

"ಇದನ್ನ ಏರು ಅಂತ ಹಿಡಿಯಾದು ಬ್ಯಾಡ ತಾಯೀ. ಮಿಷಿನ್ ಓಡ್ಸಿದ್ಲು ಅಂತ ಇರ್ಲಿ. ಎಲ್ಲಾರೂ ಹೊಡ್ದ ಮೇಲೆ ಕಡೇಗೆ ಒಂದ್ ಸುತ್ತು ಹಾಕ್ಕೊಂಡ್ ಹೋಗು."

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಒಪ್ಪಿಕೊಂಡಿದ್ದರೆ ಎಲ್ಲರ ಮಾನವೂ ಉಳಿಯುತ್ತಿತ್ತು, ತೋಟ ಮಾತ್ರ ಉಳಿಯುತ್ತಿರಲಿಲ್ಲ. ಇದು ಏರಲ್ಲ ಎಂದಾದರೆ ನನ್ನ ಹೊಲಕ್ಕೆ ಏರಿಲ್ಲ, ಏರಿಲ್ಲದ ಹೊಲಕ್ಕೆ ಒಡೆಯನಿಲ್ಲ. ಅಣ್ಣ ಸ್ಟೀರಿಂಗ್ ಮೇಲೆ ಕೈಯಿಟ್ಟು ನೆಟ್ಟಗೆ ಮುಂದೆ ನೋಡುತ್ತಿದ್ದ. ನಾನು ಸೀಟಿನಿಂದ ಇಳಿಯದೆಯೇ ಹೇಳಿದೆ.

"ಏರೇ ದೊಡ್ಡಯ್ಯಾ ಇದು. ಹಿಂದೆ ಕಲಪೆ ಕಟ್ಟೈತೆ, ನೋಡಿ. ನಾನ್ ಏರ್ ಹಿಡಿಯಾಕೇ ಬಂದಿರಾದು."

ಅವರು ದಾರಿ ಬಿಡದೆ ಕೋಲೂರಿ ಮುಂದೆಯೇ ನಿಂತರು. ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಎದ್ದ. ಮಂಡಿ ಹಿಡಿದುಕೊಂಡು ನಡೆದು ಬಂದು, ಅಣ್ಣನ ಏರಿನ ಮುಂದೆ ಚೊಂಬು ಹಿಡಿದು ನಿಂತಿದ್ದ ಅತ್ತಿಗೆಯತ್ತ ಕೈ ಚಾಚಿದ. ಅವಳಿಗೆ ಏನು ಮಾಡಬೇಕೆಂದು ತೋಚದೆ ಚೊಂಬು ಕೊಟ್ಟಳು. ನಮ್ಮ ಕುಲದಲ್ಲಿ ಗಂಡಸು ಆ ಚೊಂಬು ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ. ಅಪ್ಪ ಅರಿಶಿನದ ನೀರನ್ನು ನನ್ನ ಮುಂದಿನ ಚಕ್ರಗಳಿಗೆ ಎರೆದ. ಗೀರು ಬಿದ್ದ ಮೂತಿಯ ಮೇಲೂ ಸ್ವಲ್ಪ ಹಾಕಿ, ಅಂಗೈಯಲ್ಲಿ ಸವರಿದ. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಹಿರಿಯರೂ ಸರಿದರು.

ಕಲಪೆ ಇಳಿಸಿ ಸಾಲು ಹೊಡೆದೆ. ಅಣ್ಣನ ಸಾಲಿಗಿಂತ ಸೊಟ್ಟಗೆ ಬಂತು, ಹೊಗೆ ಮಾತ್ರ ನೀಲಿಯಾಗಿರಲಿಲ್ಲ.

ಮನೆಗೆ ಬಂದು ಮೊದಲು ಮಾಡಿದ ಕೆಲಸ, ಆ ಹುಣಸೆಯ ಕೊರಡನ್ನು ಕೊಡಲಿಯಿಂದ ಸೀಳಿದ್ದು. ಹಬ್ಬದ ಒಬ್ಬಟ್ಟಿಗೆ ಬೇಳೆ ಬೇಯಿಸಲು ಅದನ್ನೇ ಹಿತ್ತಲ ಒಲೆಗೆ ಒಟ್ಟಿದೆ. ಅಪ್ಪ ಬಂದು ಒಲೆಯ ಪಕ್ಕ ಕೂತ. ಹೊರಗೆ ಚಾಚಿದ್ದ ಒಂದು ಸೀಳನ್ನು ತಾನೇ ಒಳಕ್ಕೆ ತಳ್ಳಿದ.

"ಚೆಂದಾಗಿ ಉರೀತದೆ," ಎಂದ.