ಸದ್ದು ನಿಂತಾಗ

ಅಣ್ಣ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ವಿಭಾಗದಲ್ಲಿದ್ದಾನೆ. ಹಂಗಾಮು ಶುರುವಾದರೆ ಅಲ್ಲಿನ ಯಂತ್ರಗಳು ಹಗಲಿರುಳು ನಿಲ್ಲುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಸಿಂದಗಿಯ ನಮ್ಮ ಮನೆಗೆ ಬಂದು, ರೊಟ್ಟಿ ತಿಂದು, ನಡುವಿನ ಕೋಣೆಯಲ್ಲಿ ಮಲಗುತ್ತಿದ್ದ. ಹೋದ ಹಂಗಾಮಿನಲ್ಲಿ ಅವನ ನಿದ್ದೆ ಕೆಟ್ಟಿತು.

ಕಣ್ಣು ಹತ್ತಿದ ಸ್ವಲ್ಪ ಹೊತ್ತಿಗೇ ಬೆವರಿ ಎದ್ದು ಕೂತು ಬಾಗಿಲು ನೋಡುತ್ತಿದ್ದ. ಅದೇ ಕೆಂಪು ಕಣ್ಣಿನಲ್ಲಿ ಮತ್ತೆ ಪಾಳಿಗೆ ಹೋಗುತ್ತಿದ್ದ. ತಿರುಗುವ ಯಂತ್ರದ ಪಕ್ಕ ಅರೆನಿದ್ದೆಯಲ್ಲಿ ನಿಂತವನಿಗೆ ಏನಾಗಬಹುದೆಂದು ನಮಗೆ ಯಾರೂ ಹೇಳಬೇಕಿರಲಿಲ್ಲ. ದೀಪಾವಳಿ ಕಳೆದ ಮೇಲೆ, ಅದೇ ಜಾಗದಲ್ಲಿ, ಅವನ ಜೊತೆಗಾರನೊಬ್ಬ ಬೆಲ್ಟಿಗೆ ಕೈ ಸಿಕ್ಕು ತೀರಿಕೊಂಡಿದ್ದ. ಅದನ್ನು ಅಣ್ಣ ಮನೆಯಲ್ಲಿ ಒಮ್ಮೆ ಮಾತ್ರ, ಒಂದೇ ವಾಕ್ಯದಲ್ಲಿ ಹೇಳಿದ್ದ.

"ಡಾಕ್ಟರ್ ಕಡೆ ಹೋಗೂಣು ನಡಿ ಅಣ್ಣಾ," ಎಂದೆ.

"ಯಾವ ಡಾಕ್ಟರು? ತಲಿ ಡಾಕ್ಟರಾ? ನಾಳಿಗೇ ಫ್ಯಾಕ್ಟರ್ಯಾಗ ಮೆಂಟಲ್ ಅಂತ ಕರ್ಯಾಕ ಚಾಲೂ ಮಾಡ್ತಾರ. ನಿನ್ನ ಎಂ.ಎ. ನಿನ್ನ ಕಡೇನ ಇರ್ಲಿ."

ಹಾಗಾಗಿ ನಮಗೆ ತಿಳಿದದ್ದನ್ನು ಮಾಡಿದೆವು. ಮನೆಯಲ್ಲಿ ಸದ್ದಡಗಿಸಿದೆವು. ಅಣ್ಣನ ಹೆಂಡತಿ, ನಮ್ಮ ವೈನಿ, ಕುಕ್ಕರ್ ಬಿಟ್ಟು ಪಾತ್ರೆಯಲ್ಲೇ ಬೇಳೆ ಬೇಯಿಸಿದರು. ಕಟಕಟ ಅನ್ನುವ ಫ್ಯಾನನ್ನು ನಾನು ಆರಿಸಿದೆ. ಅವ್ವ ರೊಟ್ಟಿ ಬಡಿಯಲು ಪಕ್ಕದ ಮನೆಗೆ ಹೋದಳು.

"ಚಲೋ ಆತ್ ಬಿಡ್ರಿ," ಎಂದು ಆ ಮನೆಯಾಕೆ ನಕ್ಕಳು, "ರೊಟ್ಟಿ ನಿಮಗ, ಸಪ್ಪಳಾ ನಮಗ!"

ಮನೆ ಶಾಂತವಾದಷ್ಟೂ ಅಣ್ಣ ಬೇಗ ಏಳತೊಡಗಿದ.

ಒಂದು ಮಧ್ಯಾಹ್ನ ಕೋಣೆ ಖಾಲಿಯಿತ್ತು. ಮೊಬೈಲು ದಿಂಬಿನ ಪಕ್ಕದಲ್ಲೇ ಇತ್ತು. ವೈನಿ ಹಿತ್ತಲಿನ ಬಾವಿಯ ಕಡೆ ಓಡಿದರು. ನಾನು ಹೆದರುತ್ತಿದ್ದುದಕ್ಕೇ ಅವರೂ ಹೆದರುತ್ತಿದ್ದರೆಂದು ಆಗ ಗೊತ್ತಾಯಿತು. ನಾನು ಓಣಿಗೆ ಓಡಿದೆ.

ಓಣಿಯ ಕೊನೆಯಲ್ಲಿ ಹಿಟ್ಟಿನ ಗಿರಣಿಯ ಚಾಚಾ ಕೈಬೀಸಿ ಕರೆದರು. ಗಿರಣಿಯ ಅಬ್ಬರದಲ್ಲಿ ಕೂಗಿಯೇ ಮಾತಾಡಬೇಕು.

"ನಿಮ್ಮಣ್ಣನ್ನ ಹುಡಕಾಕತ್ತಿಯೇನವಾ? ಒಳಗದಾನ ನೋಡು. ಜ್ವಾಳಾ ತಂದಿಲ್ಲ, ಗೋದಿ ತಂದಿಲ್ಲ, ಬರೇ ನಿದ್ದಿ ತಂದಾನ!"

ಖಾಲಿ ಚೀಲಗಳ ಮೇಲೆ, ತಲೆಗೂದಲಿಗೆಲ್ಲ ಹಿಟ್ಟು ಮೆತ್ತಿಕೊಂಡು, ಅಣ್ಣ ಬಾಯಿ ತೆರೆದು ಮಲಗಿದ್ದ. ಎಬ್ಬಿಸಲು ಮನಸ್ಸಾಗಲಿಲ್ಲ. ಬಾಗಿಲಲ್ಲೇ ಕೂತೆ.

ಆಗ ಕರೆಂಟ್ ಹೋಯಿತು. ಗಿರಣಿಯ ಸದ್ದು ಇಳಿಯುತ್ತ ಬಂದು ನಿಂತಿತು. ನಿಂತ ಕ್ಷಣವೇ ಅಣ್ಣ ಎದ್ದು ನಿಂತಿದ್ದ.

"ಯಾರು? ಯಾರ್ ಸಿಕ್ಕರು?"

ಕಣ್ಣು ತೆರೆದಿತ್ತು, ಆದರೆ ನಮ್ಮ ಗುರುತಿರಲಿಲ್ಲ. ಚಾಚಾನ ಎರಡೂ ಕೈ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ನನ್ನ ಕೈಗಳನ್ನು.

"ಯಾರೂ ಸಿಕ್ಕಿಲ್ಲಪಾ," ಎಂದರು ಚಾಚಾ ಮೆಲ್ಲಗೆ. "ಕರೆಂಟ್ ಹೋತು, ಅಷ್ಟ."

ಆ ಚೀಲದ ಮೇಲೆ ಕೂತೇ ಅಣ್ಣ ಹೇಳಿದ. ಕಾರ್ಖಾನೆಯಲ್ಲಿ ಸದ್ದಿದ್ದರೆ ಎಲ್ಲವೂ ಸರಿಯಿದೆ ಎಂದು. ಜೊತೆಗಾರ ಬೆಲ್ಟಿಗೆ ಸಿಕ್ಕ ದಿನ ಯಾರೋ ಯಂತ್ರ ನಿಲ್ಲಿಸಿದಾಗ, ಅಷ್ಟು ದೊಡ್ಡ ಶೆಡ್ಡಿನಲ್ಲಿ ಏನೂ ಕೇಳಿಸಲಿಲ್ಲವಂತೆ. ಆ ಮೌನವನ್ನೇ ನಾವು ದಿನವೂ ಅವನ ಹಾಸಿಗೆಯ ಸುತ್ತ ಹರಡಿದ್ದೆವು.

"ಹೀಂಗ ನಿದ್ದಿಗೆಟ್ಟು ಹ್ವಾದ್ರ, ನಾಳೆ ಮಷೀನ್ ನಿನ್ನ ಸಲುವಾಗಿ ನಿಲ್ತೈತಿ," ಎಂದೆ. ಅಷ್ಟು ಕಠಿಣ ಮಾತನ್ನು ನಾನು ಅವನಿಗೆ ಎಂದೂ ಆಡಿರಲಿಲ್ಲ.

ಅವನು ತಲೆಯ ಹಿಟ್ಟು ಕೊಡವಿಕೊಂಡ. "ವಿಜಾಪುರಕ್ಕ ಹೋಗೂಣು," ಎಂದ. "ಇಲ್ಲಿ ಬ್ಯಾಡ. ಯಾರರ ನೋಡ್ತಾರ."

ಈಗ ಮಾತ್ರೆ ತೆಗೆದುಕೊಳ್ಳುತ್ತಾನೆ. ಡಾಕ್ಟರು ಸದ್ಯ ಯಂತ್ರದ ಹತ್ತಿರ ಹೋಗಬೇಡ ಎಂದಿದ್ದಾರೆ. ಈ ಹಂಗಾಮಿಗೆ ಹೋಗುತ್ತಾನೋ ಇಲ್ಲವೋ ತಿಳಿಯದು. ಕಟಕಟ ಅನ್ನುವ ಫ್ಯಾನನ್ನು ಮತ್ತೆ ಹಾಕಿದ್ದೇವೆ. ಅವನು ಮಲಗಿದಾಗ ಕರೆಂಟ್ ಹೋಗಿ ಅದು ನಿಂತರೆ ನಾವು ಮೂವರೂ ಬಾಗಿಲ ಬಳಿ ಕೂತು ಗಟ್ಟಿಯಾಗಿ ಮಾತಾಡುತ್ತೇವೆ. ಇಂಡಿ ಪೇಟೆಯ ಲಿಂಬೆಯ ದರ, ಮುದ್ದೇಬಿಹಾಳದ ಅತ್ತೆಯ ಸೊಂಟನೋವು, ಬಾಯಿಗೆ ಬಂದದ್ದು.

ಮೊನ್ನೆ ಅವ್ವನೂ ವೈನಿಯೂ ಮನೆಯಲ್ಲಿರಲಿಲ್ಲ. ಕರೆಂಟ್ ಹೋಯಿತು. ನಾನೊಬ್ಬಳೇ ಗೋಡೆಗೆ ಮುಖ ಮಾಡಿ ಮಾತಾಡತೊಡಗಿದೆ. ಕೊನೆಗೆ ಹೇಳಲು ಏನೂ ಉಳಿಯದೆ ಸುಮ್ಮನಾದೆ.

ಒಳಗಿನಿಂದ ಅಣ್ಣನ ದನಿ ಬಂತು.

"ನಿಂದ್ರಬ್ಯಾಡವಾ. ಮಾತಾಡು."