ಸುರಂಗದ ಎಡಗವಲು

ಸತ್ತವರ ದನಿ ಕೇಳಿತು ಎಂದವರನ್ನು ನಾನು ಮುಖಕ್ಕೇ ಬೈದವಳು. ಹೊಟ್ಟೆ ಹಸಿದರೆ ಕಿವಿ ಕೂಗುತ್ತದೆ, ಗಂಜಿ ಕುಡಿದು ಮಲಗಿ ಎನ್ನುತ್ತಿದ್ದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು; ಚಂದ ಮಾಡಿ ಬರೆಯಲು ಬರುವುದಿಲ್ಲ. ನಂಬುವುದು ಬಿಡುವುದು ನಿಮ್ಮ ಇಷ್ಟ.

ಪುತ್ತಿಗೆಯ ನಮ್ಮ ಮನೆಯ ಹಿಂದಿನ ಗುಡ್ಡೆಗೆ ನೀರಿಗೆಂದು ಸುರಂಗ ಕೊರೆದದ್ದು ನನ್ನ ಗಂಡ. ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆಯುತ್ತಾ ಹೋದರೆ ನೀರು ತಾನಾಗಿ ಹೊರಗೆ ಹರಿಯುತ್ತದೆ. ಒಳಗೆ ಅವರು ಅಗೆದು ಬುಟ್ಟಿ ತುಂಬಿಸುವುದು, ಹೊರಗೆ ನಾನು ಹಗ್ಗದಲ್ಲಿ ಎಳೆಯುವುದು. "ಎಳೆ ಮಾರಾಯ್ತಿ, ತುಂಬಿತು" ಎಂದು ಕೂಗುತ್ತಿದ್ದರು. ಎರಡು ಬೇಸಿಗೆ ಎಳೆದೆ. ಕೊನೆಗೊಂದು ದಿನ ಹೊರಗೆ ಬಂದು, "ಕರಿಗಲ್ಲು ಸಿಕ್ಕಿತು, ನೀರಿಲ್ಲ" ಎಂದರು. ನಂಬಿದೆ. ಆಮೇಲೆ ಮೂವತ್ತು ವರ್ಷ ಅವರ ಅಣ್ಣನ ಮನೆಯ ಸುರಂಗದಿಂದ ನೀರು ಹೊತ್ತೆ. ಕೊಡ ತುಂಬುವವರೆಗೆ ಓರಗಿತ್ತಿಯ ಮಾತು ಕೇಳಬೇಕು: "ನಿನ್ನ ಗಂಡನಿಗೆ ಗುಡ್ಡೆಯಲ್ಲಿ ಕಲ್ಲು ಮಾತ್ರ ಸಿಕ್ಕುವುದಾ ಎಂತ?"

ಅವರು ತೀರಿಕೊಂಡ ಕೆಲವು ವರ್ಷಗಳ ಮೇಲೆ ತಂಗಿಯ ಮಗಳು ಶಾಲಿನಿ ಬಂದಳು. ಆಂಟೆನಾದಿಂದ ಹೊರಟ ಅಲೆ ಎಲ್ಲೆಲ್ಲಿ ಹೋಗುತ್ತದೆಂದು ಕಂಪ್ಯೂಟರಿನಲ್ಲಿ ಮೊದಲೇ ಮಾಡಿ ನೋಡುವುದು ಅವಳ ಕೆಲಸ. ಸುರಂಗ ಅಗೆಯುವವರು ಹೊರಗಿನವರೊಡನೆ ಮಾತಾಡಲು ಒಂದು ಆಂಟೆನಾ ಮಾಡುತ್ತಿದ್ದಳು. ನಾನು ಹೇಳಿದ ಹಾಗೆ ನಮ್ಮ ಸುರಂಗವನ್ನು ಕಂಪ್ಯೂಟರಿನಲ್ಲಿ ಬಿಡಿಸಿದಳು: ನೇರಕ್ಕೆ ದಾರಿ, ಕೊನೆಗೆ ಕಲ್ಲು. ಬಾಯಿಯ ಹತ್ತಿರ ಜೋರಿನ ಅಲೆ ಕೆಂಪು, ಒಳಗೆ ಹಳದಿ, ಆಮೇಲೆ ಸೋತ ಅಲೆ ನೀಲಿ.

"ನೀಲಿಯಿಂದ ಆಚೆ ಎಂತದ್ದೂ ಕೇಳುವುದಿಲ್ಲ ದೊಡ್ಡಮ್ಮ" ಎಂದಳು.

ಮರುದಿನ ಮಧ್ಯಾಹ್ನ ಆಂಟೆನಾವನ್ನು ಸುರಂಗದ ಬಾಯಿಯಲ್ಲಿಟ್ಟು, ಅಲೆ ಅಳೆಯುವ ಯಂತ್ರ ಮತ್ತು ಒಂದು ವಾಕಿಟಾಕಿ ಹಿಡಿದು ಒಳಗೆ ಹೋದಳು. ನಾನು ಇನ್ನೊಂದು ವಾಕಿಟಾಕಿ ಹಿಡಿದು ಹೊರಗೆ ಕೂತೆ. ಸ್ವಲ್ಪ ಹೊತ್ತಿಗೆ ಅವಳ ಮಾತು ನಿಂತಿತು. ಆಮೇಲೆ ನನ್ನ ಕೈಯಲ್ಲಿದ್ದ ಆ ಪೆಟ್ಟಿಗೆಯಿಂದ ಗಂಡಸಿನ ದನಿ ಬಂತು: "ಎಳೆ ಮಾರಾಯ್ತಿ, ತುಂಬಿತು." ಪೆಟ್ಟಿಗೆ ನೆಲಕ್ಕೆ ಬಿತ್ತು. ನನ್ನ ಎರಡೂ ಕೈಗಳು, ಇಲ್ಲದ ಹಗ್ಗವನ್ನು ಎಳೆಯುತ್ತಿದ್ದವು.

ಶಾಲಿನಿ ತಲೆ ಕೆರೆದುಕೊಂಡು ಹೊರಗೆ ಬಂದಳು. ಸೋತು ಹೋಗಬೇಕಾದ ಅಲೆ ಒಳಗೆ ಒಂದು ಕಡೆ ಪುನಃ ಏರಿದೆಯಂತೆ. ಕಂಪ್ಯೂಟರಿನಲ್ಲಿ ಏನೇನೋ ಬದಲಾಯಿಸಿ ಕೇಳಿದಳು: "ಎಡಕ್ಕೆ ಒಂದು ಕವಲು ಇಟ್ಟರೆ ಮಾತ್ರ ಸರಿ ಹೊಂದುತ್ತದೆ. ಅಲ್ಲಿ ಕವಲು ಉಂಟಾ?"

"ನಿನ್ನ ಕಂಪ್ಯೂಟರಿಗೆ ಮರುಳು" ಎಂದೆ.

ಹೋಗಿ ನೋಡಿದೆವು. ಎಡಗೋಡೆಯಲ್ಲಿ ಕೆಂಪು ಮುರಕಲ್ಲು ಜೋಡಿಸಿ ಮಣ್ಣು ಮೆತ್ತಿತ್ತು. ಕಿತ್ತರೆ ಹಿಂದೆ ಕವಲು, ಅದರಲ್ಲಿ ಮೊಣಕಾಲುದ್ದ ನೀರು. ಹರಿದು ಅಣ್ಣನ ಮನೆಯ ಸುರಂಗಕ್ಕೆ ಸೇರುತ್ತಿತ್ತು. ಆ ಕವಲಿನ ಮಣ್ಣನ್ನೂ ಎಳೆದು ಹಾಕಿದವಳು ನಾನೇ.

ಓರಗಿತ್ತಿಯನ್ನು ಕೇಳಿದರೆ, "ಅಣ್ಣ ನೀರು ಕೇಳಿದ್ದು, ತಮ್ಮ ಕೊಟ್ಟದ್ದು. ಸತ್ತವರ ಹತ್ತಿರ ಇನ್ನೆಂತ ಜಗಳ?" ಎಂದು ವೀಳ್ಯ ಅಗಿದಳು. ಮಾರನೆಯ ದಿನವೇ ನೀರನ್ನು ನಮ್ಮ ಕಡೆಗೆ ತಿರುಗಿಸಿದೆ.

ಆ ದನಿ ಬಂದ ಹೊತ್ತಿಗೆ ಶಾಲಿನಿ ಒಳಗಿನಿಂದ ಮಾತಾಡುವ ಗುಂಡಿ ಒತ್ತಿಯೇ ಇರಲಿಲ್ಲವಂತೆ. ಬೇರೆಲ್ಲಿಯದೋ ಮಾತು ನುಗ್ಗಿರಬೇಕು ಎನ್ನುತ್ತಾಳೆ. ಇರಬಹುದು. ಆದರೆ ಆ ಮಾತು ನಮ್ಮಿಬ್ಬರದು, ದನಿ ಅವರದು. ಮಾಡಿದ ಮೋಸವನ್ನು ಆಗ ಒಪ್ಪಿಕೊಂಡರೋ, ಅಥವಾ ಸತ್ತ ಮೇಲೂ ನನ್ನಿಂದ ಮಣ್ಣು ಎಳೆಸಲು ನೋಡಿದರೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ.